ಅತ್ತೆಯ ಎಡಗಿವಿ

ಅತ್ತೆಗೆ ಎಡಗಿವಿ ಕೇಳಿಸುತ್ತಿರಲಿಲ್ಲ. ಹರೆಯದಲ್ಲಿ, ಯುದ್ಧದ ವರ್ಷ, ಸಿಪಾಯಿಯೊಬ್ಬ ಬಂದೂಕಿನ ಹಿಡಿಯಿಂದ ಹೊಡೆದಿದ್ದ. ಬಲಗಿವಿ ಮಾತ್ರ ಬಲು ಚುರುಕು. ಪಕ್ಕದ ಮನೆಯವರು ಪಿಸುಗುಟ್ಟಿದರೂ ಹೊಲಿಗೆ ಯಂತ್ರ ನಿಲ್ಲಿಸದೆ ಕೂತಲ್ಲಿಂದಲೇ ಉತ್ತರ ಕೊಡುತ್ತಿದ್ದರು. ಹಾಗಾಗಿ ಪುರಭವನದ ಸಭೆಯಲ್ಲಿ ಅವರು ಬೇಕೆಂದೇ ಎಡಗಿವಿಯನ್ನು ವೇದಿಕೆಯ ಕಡೆ ಮಾಡಿ ಕೂತಾಗ ಇವತ್ತೇನೋ ಕಾದಿದೆ ಎಂದು ಸೊಸೆಗೆ ಗೊತ್ತಾಯಿತು.

ಸ್ಮಾರಕದ ಕಲ್ಲಿನ ಮೇಲೆ ಏನು ಕೆತ್ತಿಸಬೇಕೆಂಬ ಸಭೆ ಅದು. ಯುದ್ಧದಲ್ಲಿ ಊರಿನ ಹೆಂಗಸರಿಗೆ ಏನೂ ಆಗಿಯೇ ಇಲ್ಲವೆಂದು ಇಷ್ಟು ಕಾಲ ಸಾಧಿಸುತ್ತ ಬಂದಿದ್ದ ಸರ್ಕಾರಿ ಕಚೇರಿಯ ಅಧಿಕಾರಿ ಮೆಲ್ಲಗೆ ಓದಿದ: "ಯುದ್ಧಕಾಲದಲ್ಲಿ ಅನಾನುಕೂಲಕ್ಕೊಳಗಾದ ಮಹಿಳೆಯರ ನೆನಪಿಗೆ."

ಅತ್ತೆ ಎದ್ದು ನಿಂತರು. "ಏನಪ್ಪಾ? ಕಿವಿ ಮಂದ, ಸ್ವಲ್ಪ ಜೋರಾಗಿ ಹೇಳು."

"ಅನಾನುಕೂಲ ಅಮ್ಮಾ!"

"ಏನ್ ಅನಾನುಕೂಲ? ನಲ್ಲೀಲಿ ನೀರು ಬರ್ಲಿಲ್ವಾ?"

ಯಾರೋ ಕಿಸಕ್ಕೆಂದರು. ಸೊಸೆ ತೋಳು ಜಗ್ಗಿದಳು. "ಅತ್ತೆ, ಕೂತ್ಕೊಳ್ಳಿ, ಮಾನ ಹೋಗ್ತಿದೆ."

ಅಧಿಕಾರಿ ಬೆವರೊರೆಸಿಕೊಂಡ. "ಅಂದ್ರೆ... ಸೈನಿಕರಿಂದ ತೊಂದರೆ ಆಯ್ತು."

"ಗೊರಕೆ ಹೊಡೀತಿದ್ರಾ?"

"ಅಲ್ಲಮ್ಮಾ! ಹೆಂಗಸರ ಜೊತೆ ಸರಿಯಾಗಿ ನಡ್ಕೊಳ್ಳಲಿಲ್ಲ!"

"ಹೋಗ್ತಾ ಹೇಳಿ ಹೋಗ್ಲಿಲ್ವಾ?"

ಸಭೆಯೇ ಗೊಳ್ಳೆಂದಿತು. ಅಧಿಕಾರಿಗೆ ಸಿಟ್ಟು ನೆತ್ತಿಗೇರಿತು. ಮೈಕನ್ನು ಕಿತ್ತು ಬಾಯಿಗಿಟ್ಟುಕೊಂಡು ಕಿರುಚಿದ: "ಅತ್ಯಾಚಾರ ಮಾಡಿದ್ರು ಕಣಮ್ಮಾ! ಸೈನಿಕರು ಹೆಂಗಸರ ಮೇಲೆ ಅತ್ಯಾಚಾರ ಮಾಡಿದ್ರು!"

ಮಾತು ಗೋಡೆಗೆ ಬಡಿದು ವಾಪಸು ಬಂತು. ನಗು ಪಟ್ಟನೆ ನಿಂತಿತು. ಅಧಿಕಾರಿ ತನ್ನ ಬಾಯಿಂದ ಬಂದದ್ದಕ್ಕೆ ತಾನೇ ಬೆಚ್ಚಿಬಿದ್ದ.

"ಹೂಂ, ಈಗ ಕೇಳಿಸ್ತು," ಎಂದರು ಅತ್ತೆ. "ನನ್ನ ಮೇಲೂ ಮಾಡಿದ್ರು. ಕಲ್ಲಿನ ಮೇಲೆ ಅದನ್ನೇ ಕೆತ್ತಿಸು."

ಸೊಸೆಗೆ ಏಟಿನ ಕಥೆಯಷ್ಟೇ ಗೊತ್ತಿತ್ತು, ಇದು ಗೊತ್ತಿರಲಿಲ್ಲ. ಜಗ್ಗುತ್ತಿದ್ದ ತೋಳನ್ನೇ ಬಿಗಿಯಾಗಿ ಹಿಡಿದು ತಾನೂ ಎದ್ದು ನಿಂತಳು. ಹಿಂದಿನ ಸಾಲಿನಿಂದ ಬೇಕರಿಯ ಮುದುಕಿ ಕೋಲೂರಿ ಎದ್ದಳು. "ನನ್ನ ಮೇಲೂ," ಎಂದಳು.

ಮನೆಗೆ ನಡೆಯುವಾಗ ಸೊಸೆ ಕೇಳಿದಳು, "ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ ಅತ್ತೆ?"

"ಹೇಳಿದ್ದೆ ಕಣೇ. ಅದೇ ಕಚೇರಿಗೆ ಹೋಗಿ ಹೇಳಿದ್ದೆ. ಸುಳ್ಳಿ ಅಂತ ಓಡಿಸಿದ್ರು. ಅದಕ್ಕೇ ಈ ಸಲ ಅವರ ಬಾಯಿಂದಲೇ ಹೇಳಿಸಿದ್ದು."

ಸೊಸೆಗೆ ಅಳು ಬಂತು. ಅತ್ತೆ ಅವಳ ಬೆನ್ನು ಸವರಿದರು. "ಅತ್ತಿದ್ದು ಸಾಕು, ಹಸಿವಾಗ್ತಿದೆ ನಡಿ."

ಕಲ್ಲು ನಿಂತಿತು, ಆ ಪದವೂ ಬಂತು. ಆದರೆ ಪದ ಮುಚ್ಚುವ ಹಾಗೆ ಕಚೇರಿಯವರು ಮುಂದೆ ದೊಡ್ಡದೊಂದು ಹೂಕುಂಡ ತಂದಿಟ್ಟರು. ಅವರು ಎಷ್ಟು ಸಲ ಮತ್ತೆ ಮುಂದಿಟ್ಟರೂ ಅತ್ತೆಯೂ ಬೇಕರಿಯ ಮುದುಕಿಯೂ ದಿನಾ ಬೆಳಗ್ಗೆ ಹೋಗಿ ಅದನ್ನು ಪಕ್ಕಕ್ಕೆ ತಳ್ಳುತ್ತಾರೆ. ಸೊಂಟಕ್ಕೆ ಒಳ್ಳೆ ವ್ಯಾಯಾಮವಂತೆ.