ಮೈಲಪ್ಪನ ಹೆಬ್ಬೆರಳು

ಕೋಗಳಿ ಸುತ್ತಿನ ಕುರಿಗಾರರಿಗೆ ಮೈಲಪ್ಪನ ಹೆಬ್ಬೆರಳೇ ಆಸ್ಪತ್ರೆ. ಕುರಿ ಒಂದೇ ಕಡೆಗೆ ಗಿರಗಿರ ತಿರುಗತೊಡಗಿತೆಂದರೆ ಬುರುಡೆಯೊಳಗೆ ನೀರಿನ ಗುಳ್ಳೆ ಕೂತಿದೆ ಎಂದರ್ಥ. ಮೈಲಪ್ಪ ಕುರಿಯನ್ನು ತೊಡೆ ನಡುವೆ ಒತ್ತಿ ಹಿಡಿದು, ತಲೆಯ ಮೇಲೆ ಹೆಬ್ಬೆರಳು ಊರುತ್ತ ಹೋಗುವನು. ಎಲುಬು ಮೆತ್ತಗಾದ ಕಡೆ ಕೊಯ್ದು ಗುಳ್ಳೆ ತೆಗೆಯುವನು. ಮೆತ್ತಗಿದ್ದರೆ ರೋಗ, ಗಟ್ಟಿ ಇದ್ದರೆ ಆರೋಗ್ಯ. ವಿದ್ಯೆ ಇಷ್ಟೇ, ಸೊಕ್ಕು ಮಾತ್ರ ಊರಗಲ.

ತೊಂಬತ್ತೇಳರ ಬೇಸಿಗೆಯಲ್ಲಿ ಅವನ ಹೆಂಡತಿ ಓಬಮ್ಮನ ಎಡಮೂಗು ಕಟ್ಟಿತು. ನೆಗಡಿ ಅಂದುಕೊಂಡರು. ಮಳೆಗಾಲ ಕಳೆದರೂ ಬಿಡಲಿಲ್ಲ. ಕಣ್ಣಿನ ಕೆಳಗೆ, ಮೂಗಿಗೆ ಅಂಟಿದಂತೆ ಸಣ್ಣ ಗಂಟು ಎದ್ದಿತು. ಮೈಲಪ್ಪನ ಅಕ್ಕ ದುರುಗಮ್ಮ, "ಹಗರಿಬೊಮ್ಮನಹಳ್ಳಿ ದವಾಖಾನಿಗೆ ತೋರ್ಸೋ" ಎಂದು ಬಡಕೊಂಡಳು. ಅವನು ಹೆಂಡತಿಯನ್ನು ಕಟ್ಟೆಯ ಮೇಲೆ ಕೂರಿಸಿ ಒತ್ತಿ ನೋಡಿದ.

"ಗಟ್ಟಿ ಐತಿ. ಏನೂ ಆಗಂಗಿಲ್ಲ ತಗಿ. ಮೆತ್ತಗಾದ್ರ ನೋಡೋಣು."

"ನಾನೇನು ನಿನ್ನ ಹಿಂಡಿನ ಕುರಿ ಏನು?" ಎಂದು ಓಬಮ್ಮ ನಕ್ಕಳು. ನಕ್ಕರೂ ನಂಬಿದಳು. ಊರೇ ನಂಬಿದ ಬೆರಳನ್ನು ಕಟ್ಟಿಕೊಂಡವಳು ನಂಬದೆ ಇರುತ್ತಾಳೆಯೇ?

ಆಮೇಲೆ ಅದು ರೂಢಿಯಾಯಿತು. ಕುರಿ ಮೇಯಿಸಿ ಬಂದವನು ಕೈಕಾಲು ತೊಳೆದು, ಗಂಟು ಒತ್ತಿ, "ಗಟ್ಟಿ ಐತಿ" ಎಂದು ರೊಟ್ಟಿಗೆ ಕೂರುವನು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬ ಮಾತು ಇಂಥವನನ್ನು ಕಂಡೇ ಹುಟ್ಟಿರಬೇಕು. ಎರಡು ವರ್ಷ ಹೀಗೇ ಹೋದವು. ಒಂದು ದಿನ ಓಬಮ್ಮನಿಗೆ ಒಲೆಯ ಮೇಲೆ ಎರಡು ಹಂಚು ಕಂಡವು. ಇಲ್ಲದ ಹಂಚಿಗೆ ರೊಟ್ಟಿ ಹಾಕಲು ಹೋಗಿ ಕೈ ಸುಟ್ಟುಕೊಂಡಳು. ಎಡಗಣ್ಣು ಮುಂದಕ್ಕೆ ಬಂದಿತ್ತು.

ಬಳ್ಳಾರಿಯಲ್ಲಿ ತಲೆಯ ಸ್ಕ್ಯಾನ್ ಮಾಡಿ, ಮೂಗಿನೊಳಗಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬಂದ ದಿನ ಡಾಕ್ಟರು ಮೈಲಪ್ಪನೊಬ್ಬನನ್ನೇ ಒಳಗೆ ಕರೆದರು.

"ನಿನ್ನ ಕಿವಿ ಮಡಚಿ ನೋಡು. ಒಳಗೆ ಬಾಗೋ ಎಲುಬು ಇದೆಯಲ್ಲ, ಮೂಗಲ್ಲೂ ಅಂಥದ್ದೇ ಇರುತ್ತೆ, ಅದರಿಂದ ಹುಟ್ಟಿದ ಕ್ಯಾನ್ಸರ್ ಗಡ್ಡೆ ಇದು. ಬಹಳ ಅಪರೂಪ. ನಿಧಾನಕ್ಕೆ ಬೆಳೆಯುತ್ತೆ, ಆದರೆ ನಿಲ್ಲೋದಿಲ್ಲ."

"ಗಟ್ಟಿ ಇತ್ರಿ," ಎಂದ ಮೈಲಪ್ಪ. "ದಿನಾ ಒತ್ತಿ ನೋಡೀನ್ರಿ. ಗಟ್ಟೀನ ಇತ್ರಿ."

"ಈ ಜಾತಿ ಗಡ್ಡೆ ಗಟ್ಟಿಯಾಗೇ ಇರೋದು. ಮೂಗಲ್ಲಷ್ಟೇ ಇದ್ದಾಗ ಬಂದಿದ್ದರೆ ಪೂರ್ತಿ ತೆಗೀಬಹುದಿತ್ತೇನೋ."

ಮೈಲಪ್ಪನಿಗೆ ಅಲ್ಲೇ ತನ್ನ ಹೆಬ್ಬೆರಳು ಕತ್ತರಿಸಿ ಒಗೆಯಬೇಕೆನಿಸಿತು.

ಆಪರೇಷನ್ ಆಯಿತು. ಮೂಗು, ಕೆನ್ನೆಯೊಳಗಿನ ಗಡ್ಡೆ ತೆಗೆದರು. ಬುರುಡೆಯ ತಳದಲ್ಲಿ ಕಣ್ಣಿನ ನರಕ್ಕೂ ದೊಡ್ಡ ರಕ್ತನಾಳಕ್ಕೂ ಸುತ್ತಿಕೊಂಡದ್ದನ್ನು ಮುಟ್ಟಲಾಗಲಿಲ್ಲ. ಮುಟ್ಟಿದರೆ ಟೇಬಲ್ಲಿನ ಮೇಲೇ ಹೋಗುತ್ತಾಳೆ ಎಂದರು. ಕರೆಂಟು, ಅಂದರೆ ವಿಕಿರಣ, ಕೊಟ್ಟರೆ ಒಂದಿಷ್ಟು ತಡೆಯಬಹುದು ಎಂದರು. ಅದನ್ನೂ ಕೊಡಿಸಿದ.

ಊರಿಗೆ ಬಂದ ಮೇಲೆ ಮೈಲಪ್ಪ ಯಾರ ಕುರಿಯನ್ನೂ ಮುಟ್ಟಲಿಲ್ಲ. ಒಳಗೆ ಉಳಿದದ್ದರ ಸುದ್ದಿ ಓಬಮ್ಮನಿಗೆ ಹೇಳಬೇಕಾದವನು ಅವನೇ, ಅವನಿಗೆ ಬಾಯಿ ಬರಲಿಲ್ಲ. ಹೊಲಿಗೆ ಮಾಯ್ದ ಮುಂದಿನ ವರ್ಷ ಕಣ್ಣಿನ ಕೆಳಗೆ ಮತ್ತೆ ಉಬ್ಬಿತು. ಕಟ್ಟೆಯ ಮೇಲೆ ಕೂತಿದ್ದ ಓಬಮ್ಮ ಅವನ ಕೈ ಎಳೆದು ಮುಖದ ಮೇಲಿಟ್ಟುಕೊಂಡಳು.

"ಡಾಕ್ಟ್ರು ಹೇಳೋದು ನಂಗ ತಿಳಿಯಂಗಿಲ್ಲ. ನೀನ ಒಮ್ಮಿ ಒತ್ತಿ ನೋಡು."

ಅವನು ಒತ್ತಿದ.

"ಮೆತ್ತಗಾಗೇತೇನು?"

"ಇಲ್ಲ," ಎಂದ ಮೈಲಪ್ಪ. "ಗಟ್ಟಿ ಐತಿ."

"ಹಂಗಾದ್ರ ಏನಿಲ್ಲ ಬಿಡು" ಎಂದು ಓಬಮ್ಮ ರೊಟ್ಟಿ ಹಿಟ್ಟು ನಾದಲು ಎದ್ದುಹೋದಳು.