ತಡೆದು ಏಳುವ ಕೈ

"ನಿಲ್ಲಿಸಿ. ಎಲ್ಲರ ಎಡಗೈನೂ ಸರ್ರಂತ ಮೇಲೆ ಹೋಯ್ತು," ಎಂದರು ನೃತ್ಯ ತಿದ್ದುವ ಕ್ಲಾವ್ದಿಯಾ ಯೆಗೊರೊವ್ನಾ. "ಭುಜದ ಮಟ್ಟಕ್ಕೆ ಬಂದಾಗ ಒಂಚೂರು ತಡೀಬೇಕು. ಮೊಣಕೈ ಒಳಗೆ ತಿರುಗ್ಬೇಕು, ಉಸಿರು ಬರಬೇಕು, ಆಮೇಲೆ ಬೆರಳು. ರಿಮ್ಮಾ, ಇನ್ನೊಂದ್ಸಲ ತೋರಿಸಮ್ಮ."

ರಿಮ್ಮಾ ತೋರಿಸಿದಳು. ಪಿಯಾನೋ ಮುಂದೆ ಕೂತ ಮುದುಕ ಬೋರಿಸ್ ಇಲ್ಯಿಚ್ ಬೆಳಗಿನಿಂದ ನುಡಿಸುತ್ತಿದ್ದ ಅದೇ ತುಣುಕನ್ನು ಮತ್ತೆ ನುಡಿಸಿದ. ಹಿಂದಿನ ಸಾಲು ತುಂಬಲು ಬ್ಯಾಲೆ ಶಾಲೆಯಿಂದ ಕರೆತಂದಿದ್ದ ಹದಿನಾರು ಹುಡುಗಿಯರು ಬಾಯಿಬಿಟ್ಟುಕೊಂಡು ನೋಡಿದರು. ಕೈ ಭುಜದ ಮಟ್ಟದಲ್ಲಿ ನಿಂತು, ಏನೋ ಯೋಚಿಸಿದಂತೆ ಮಾಡಿ, ಮತ್ತೆ ಎದ್ದಿತು.

ಅದು ಯೋಚನೆಯೂ ಅಲ್ಲ, ಮಣ್ಣೂ ಅಲ್ಲ. ನವೆಂಬರಿನ ಅಭ್ಯಾಸದಲ್ಲಿ ಅವಳನ್ನು ತಲೆಯ ಮೇಲೆತ್ತಿದ್ದ ಜೊತೆಗಾರ ಕೈಬಿಟ್ಟಿದ್ದ. ಬಿದ್ದ ಪೆಟ್ಟಿಗೆ ಭುಜದ ಕೀಲು ತಪ್ಪಿತ್ತು. ರಂಗಮಂದಿರದ ನಿರ್ದೇಶಕರು ಕಿತ್ತಳೆ ಹಣ್ಣು ಹಿಡಿದು ಆಸ್ಪತ್ರೆಗೇ ಬಂದು, ಬೀದಿಯ ಹಿಮದಲ್ಲಿ ಜಾರಿಬಿದ್ದೆ ಎಂದು ಅವಳಿಂದಲೇ ಬರೆಸಿಕೊಂಡು ಹೋದರು. ಆವತ್ತಿನಿಂದ ಕೈ ಭುಜದ ಮಟ್ಟ ದಾಟಬೇಕಾದರೆ ಮೊಣಕೈ ತಿರುಗಿಸಿ, ಉಸಿರು ಬಿಗಿಹಿಡಿದು, ಕಳ್ಳದಾರಿಯಲ್ಲಿ ಮೇಲೇರಿಸಬೇಕು. ಮಾರ್ಚಿನಲ್ಲಿ ಅದನ್ನು ಕಂಡ ಕ್ಲಾವ್ದಿಯಾ ಯೆಗೊರೊವ್ನಾ, "ಇಪ್ಪತ್ತೊಂಬತ್ತನೇ ವಯಸ್ಸಿಗಾದ್ರೂ ನಿನ್ನ ಕೈಗೆ ಜೀವ ಬಂತಲ್ಲ" ಎಂದು ಈ ಭಾನುವಾರದ ಆಟಕ್ಕೆ ನಾಯಕಿಯ ಪಾತ್ರವನ್ನೇ ಕೊಟ್ಟರು. ಹನ್ನೊಂದು ವರ್ಷ ಹಿಂದಿನ ಸಾಲಿನಲ್ಲಿ ಕಾಲು ಸವೆಸಿದವಳು ತುಟಿ ಪಿಟಕ್ಕೆನ್ನದೆ ತೆಗೆದುಕೊಂಡಳು. ಯಾರು ತಾನೆ ಬಿಡುತ್ತಾರೆ?

ಐದು ನಿಮಿಷದ ಬಿಡುವಿನಲ್ಲಿ ಆ ಹುಡುಗಿಯರಲ್ಲೊಬ್ಬಳು, ಹದಿನೈದು ವರ್ಷದ ಉಸ್ತ್ಯಾ, ಭುಜ ಉಜ್ಜಿಕೊಳ್ಳುತ್ತ ಹತ್ತಿರ ಬಂದಳು.

"ರಿಮ್ಮಾ ಪಾವ್ಲೊವ್ನಾ, ನಿಮಗೂ ಇಲ್ಲಿ ಚುಚ್ಚತ್ತಾ? ಮನೇಲಿ ದಿನಾ ಇನ್ನೂರು ಸಲ ಮಾಡ್ತಿದೀನಿ. ಚುಚ್ಚಿದ್ರೆ ಸರಿಯಾಗಿ ಬಂತು ಅಂತ ತಾನೆ?"

ರಿಮ್ಮಾಗೆ ಸಿಟ್ಟು ಬಂತು: ಆ ಜೊತೆಗಾರನ ಮೇಲೆ, ಕಿತ್ತಳೆ ಹಣ್ಣಿನ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಬಾಯಿಗೆ ಬೀಗ ಹಾಕಿಕೊಂಡಿದ್ದ ತನ್ನ ಮೇಲೆ.

"ಕ್ಲಾವ್ದಿಯಾ ಯೆಗೊರೊವ್ನಾ, ಇದನ್ನ ಇವರಿಗೆ ಕಲಿಸ್ಬೇಡಿ," ಎಂದಳು ಎಲ್ಲರಿಗೂ ಕೇಳುವಂತೆ. "ನನ್ನ ಭುಜ ಕೆಟ್ಟಿದೆ. ಬೀದೀಲಿ ಬಿದ್ದಿದ್ದೂ ಅಲ್ಲ, ಇದೇ ನೆಲದ ಮೇಲೆ."

"ಗೊತ್ತು," ಎಂದರು ಕ್ಲಾವ್ದಿಯಾ ಯೆಗೊರೊವ್ನಾ.

ರಿಮ್ಮಾ ತಿರುಗಿ ಅವರ ಮುಖ ನೋಡಿದಳು.

"ನಲವತ್ತು ವರ್ಷದಿಂದ ಕೈ ತಿದ್ತಿದೀನಿ. ಕೆಟ್ಟ ಭುಜ ಯಾವುದು ಅಂತ ನೀನು ನನಗೆ ಹೇಳಿಕೊಡ್ತೀಯಾ? ನೋಡೋರಿಗೆ ನೋವು ಕಾಣಲ್ಲ, ಚೆಂದ ಕಾಣತ್ತೆ. ನಿನಗೂ ಪಾತ್ರ ಸಿಕ್ತಲ್ಲ, ಸುಮ್ನಿರು."

"ನನ್ನ ಹಾಳು ನನಗಿರಲಿ. ಈ ಮಕ್ಕಳ ಭುಜ ನಿಮಗೇನು ಮಾಡಿತ್ತು?"

"ನಾಯಕಿ ಕೈ ಹೇಗೋ ಸಾಲಿನ ಕೈಯೂ ಹಾಗೇ ಇರಬೇಕು. ಬೇಡ ಅಂದ್ರೆ ನಾಯಕಿ ಬದಲಾಗ್ಬೇಕು. ನೀನೇ ಹೇಳು."

ಕ್ಲಾವ್ದಿಯಾ ಯೆಗೊರೊವ್ನಾ ನಿಜಕ್ಕೂ ಉತ್ತರಕ್ಕಾಗಿ ಕಾದರು. ಹಿಂದಿನ ಸಾಲಿನ ಹನ್ನೊಂದು ವರ್ಷ ರಿಮ್ಮಾಗೆ ನೆನಪಾದವು. ಅವಳು ಹುಡುಗಿಯರ ಮುಂದೆ ಹೋಗಿ ನಿಂತಳು.

"ಬೋರಿಸ್ ಇಲ್ಯಿಚ್, ನುಡಿಸಿ."

ಈ ಸಲ ಮೊಣಕೈ ತಿರುಗಿಸಲಿಲ್ಲ, ಉಸಿರು ಕಟ್ಟಲಿಲ್ಲ. ತಾಳಕ್ಕೆ ಸರಿಯಾಗಿ ಕೈಯನ್ನು ನೇರ ಎತ್ತಿದಳು. ಕೀಲು ಲಟಕ್ಕೆಂದದ್ದು ಪಿಯಾನೋದ ಸದ್ದಿನಲ್ಲೂ ಕೇಳಿಸಿತು. ಕೈ ಭುಜದ ಮಟ್ಟದಲ್ಲೇ ನಿಂತು ಗಡಗಡ ನಡುಗಿತು, ನೋಡಲು ಅಸಹ್ಯವಾಗಿತ್ತು.

"ಇದು ನನ್ನ ಕೈ," ಎಂದಳು. "ಈಗ ನೀವು ನಿಮ್ಮ ಕೈ ಎತ್ತಿ."

"ಬದಲಿ ನಾಯಕಿ ವೇರಾಗೆ ಫೋನ್ ಮಾಡ್ತೀನಿ. ಭಾನುವಾರ ಅವಳೇ ಕುಣೀತಾಳೆ," ಎಂದು ಕ್ಲಾವ್ದಿಯಾ ಯೆಗೊರೊವ್ನಾ ಶಾಲು ಹೊದ್ದುಕೊಂಡು ಹೊರಟರು. ಬಾಗಿಲು ಮುಚ್ಚಿತು.

ಬೋರಿಸ್ ಇಲ್ಯಿಚ್ ತಲೆ ಎತ್ತದೆ ಅದೇ ತುಣುಕನ್ನು ಮೊದಲಿನಿಂದ ಶುರುಮಾಡಿದ. ಮೊದಲು ಎದ್ದದ್ದು ಉಸ್ತ್ಯಾಳ ಕೈ, ಆಮೇಲೆ ಉಳಿದವರದು. ಹದಿನಾರು ಎಡಗೈಗಳು ಎಲ್ಲೂ ತಡೆಯದೆ, ಇನ್ನೂ ಭುಜದ ಮಟ್ಟದಲ್ಲೇ ಇದ್ದ ರಿಮ್ಮಾಳ ಕೈಯನ್ನು ದಾಟಿ ಮೇಲೆ ಹೋದವು.