ಗುಡ್ಡಕ್ಕೆ ಬಿಟ್ಟ ಏಳು ವರ್ಷ

ನ್ಯಾಯಮೂರ್ತಿ ಆಂಬ್ರೋಸ್ ಥರ್ಲ್‌ವೆಲ್ ನಿವೃತ್ತರಾಗಿ ಡೆವನ್ ಸೀಮೆಯ ಆ ಹಳ್ಳಿಗೆ ಬಂದು ಒಂಬತ್ತು ವರ್ಷವಾಗಿತ್ತು. ಗೋಮಾಳಗಳ ಕಾನೂನಿನ ಮೇಲೆ ಅವರು ಬರೆದ ದಪ್ಪ ಪುಸ್ತಕ ಲಂಡನ್ನಿನ ವಕೀಲರ ಕಪಾಟುಗಳಲ್ಲೆಲ್ಲ ಇತ್ತು. ಅದು ನಿಂತಿದ್ದು ಅವರದೇ ಹಳೆಯ ತೀರ್ಪೊಂದರ ಮೇಲೆ: ಏಳು ವರ್ಷ ಕುರಿ ಮೇಯಿಸದವರು ಮೇವಿನ ಹಕ್ಕನ್ನು ಬಿಟ್ಟುಕೊಟ್ಟ ಹಾಗೆ.

ಈ ಬೇಸಿಗೆಯಲ್ಲಿ ಆ ತೀರ್ಪು ನೆರೆಮನೆಯ ವಿಧವೆ ಕೆಜಾಯ ಪೌಂಡ್ಸಳ ಕೊರಳಿಗೇ ಬಿತ್ತು. ಅದನ್ನೇ ಕೋರ್ಟಿನಲ್ಲಿ ಓದಿ ಹೇಳಿ ಊರಿನ ಜಮೀನ್ದಾರ ಅವಳ ಕುರಿ ಮೇಯುವ ಗುಡ್ಡವನ್ನು ಗೆದ್ದುಕೊಂಡ.

"ಏಳ್ವರ್ಷ ಬಿಟ್ಟಿದ್ವಿ, ಇಲ್ಲ ಅಂದೋರ್ಯಾರು?" ಎಂದಳು ಅವಳು, ಕಲ್ಲುಗೋಡೆಯಾಚೆಯಿಂದ. "ಬಿಡ್ದೇ ಹೋದ್ರೆ ಹುಲ್ಲು ಹುಟ್ಟೋದಾದ್ರೂ ಹೆಂಗೆ? ನಮ್ಮಜ್ಜನೂ ಹಂಗೇ ಬಿಡ್ತಿದ್ದ. ಅಷ್ಟು ದಪ್ಪ ಪುಸ್ತಕ ಬರೆಯೋಕ್ಮುಂಚೆ ಒಬ್ಬ ಕುರುಬನ್ನಾದ್ರೂ ಕೇಳ್ಬಾರ್ದಿತ್ತೆ, ಸಾಹೇಬ್ರೆ?"

ಥರ್ಲ್‌ವೆಲ್ ಚರ್ಚಿನ ಪೆಟ್ಟಿಗೆಯಲ್ಲಿದ್ದ ಊರಿನ ಹಳೆಯ ದಾಖಲೆಗಳನ್ನು ಮೂರು ವಾರ ಓದಿದರು. ತಲೆಮಾರಿಗೊಮ್ಮೆ ಅದೇ ಮಾತು ಸಿಕ್ಕಿತು: ಗುಡ್ಡಕ್ಕೆ ಏಳು ವರ್ಷ ವಿಶ್ರಾಂತಿ. ತಾವು ಆ ತೀರ್ಪು ಕೊಟ್ಟ ಅಂದಿನ ಮೊಕದ್ದಮೆಯ ಕಾಗದಗಳಲ್ಲೂ ಈ ಮಾತಿತ್ತು. ಓದಿದ್ದರು. ಸೋಮಾರಿಗಳು ಹುಡುಕಿಕೊಂಡ ನೆಪವೆಂದು ಪುಟ ಮಗುಚಿದ್ದರು.

ತಮ್ಮ ತೀರ್ಪು ತಪ್ಪೆಂದು ಇಪ್ಪತ್ತು ಪುಟ ಬರೆದು, ಅಚ್ಚು ಹಾಕಿಸಿ, ಮೇಲ್ಮನವಿಗೆ ಹೊರಟ ಕೆಜಾಯಳ ವಕೀಲನ ಕೈಗಿತ್ತರು. ನ್ಯಾಯಪೀಠ ಅದನ್ನು ಮುಟ್ಟಲೇ ಇಲ್ಲ; ಮೇಲ್ಮನವಿ ಬಿದ್ದುಹೋಯಿತು.

"ಬದುಕಿರೋ ಲೇಖಕರು ಬರೆದದ್ದು ನಮ್ಮ ಕೋರ್ಟುಗಳಲ್ಲಿ ಪ್ರಮಾಣ ಆಗಲ್ಲವಲ್ಲ, ಸರ್," ಎಂದ ವಕೀಲ, ಮುಖ ತಗ್ಗಿಸಿ. "ನೀವು ಪೀಠದಲ್ಲಿ ಕೂತು ಕೊಟ್ಟ ತೀರ್ಪು ಮಾತ್ರ ನಿಂತಿದೆ."

ಆ ರೂಢಿ ಅವರಿಗೆ ಗೊತ್ತಿಲ್ಲದ್ದೇನಲ್ಲ. ಅದನ್ನು ಮರೆತ ಎಳೆಯ ವಕೀಲರನ್ನು ತುಂಬಿದ ಕೋರ್ಟಿನಲ್ಲಿ ಅವರೇ ಗದರಿಸಿದ್ದುಂಟು.

ಸುದ್ದಿಯನ್ನು ಕೆಜಾಯಳಿಗೆ ತಾವೇ ಹೋಗಿ ಹೇಳಿದರು. ಅವಳು ಕುರಿಯ ಗೊರಸು ಕೆರೆಯುತ್ತಿದ್ದವಳು ತಲೆ ಎತ್ತಲಿಲ್ಲ.

"ಅಂದ್ರೆ ಹೋದ್ವರ್ಷವೇ ಬರೆದಿಟ್ಟು ನೀವು ಸತ್ತಿದ್ರೆ ನನ್ ಗುಡ್ಡ ಉಳೀತಿತ್ತು."

"ಉಳೀತಿತ್ತೋ ಏನೋ."

"ಹೋಗ್ಲಿ ಬಿಡಿ. ಬಂದಿದ್ದೀರಿ, ಒಂದ್ ಕೈ ಹಾಕಿ. ಇವನ್ನ ಮಾರೋಕೆ ಸಂತೆಗೆ ಹೊಡೀಬೇಕು. ಆ ಗುಡ್ಡದ ದಾರಿಗೆ ಅಡ್ಡ ನಿಂತ್ಕೊಳ್ಳಿ."

ನಿಂತರು. ಮೂವತ್ತೆಂಟು ಕುರಿಗಳು ರಸ್ತೆಗಿಳಿದವು. ಕೊನೆಯ ಮುದಿ ಕುರಿಯೊಂದು ಮಾತ್ರ ಅಭ್ಯಾಸಬಲದಿಂದ ಗುಡ್ಡದ ಕಡೆಗೇ ತಿರುಗಿ ಅವರ ಮೊಣಕಾಲಿಗೆ ಒತ್ತಿ ನಿಂತಿತು.

"ನೋಡ್ತಾ ನಿಂತ್ರೆ ಹೆಂಗೆ, ಸಾಹೇಬ್ರೆ? ತಿರುಗಿಸಿ ಅದನ್ನ!"

ಥರ್ಲ್‌ವೆಲ್ ಊರುಗೋಲನ್ನು ಅದರ ಮೂತಿಗೆ ಅಡ್ಡ ಹಿಡಿದರು.